ಒಲೆಯ ಲೆಕ್ಕ ಅಡುಗೆಮನೆಯಲ್ಲೇ ಆಗಬೇಕು

ಶಿರಸಿ ಕಡೆಯ ನಮ್ಮ ಅಜ್ಜನಮನೆಯಲ್ಲಿ ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ಹಾಕಿಸಿದಾಗ ನಾನು ಎರಡನೇ ಕ್ಲಾಸು. ಮೇಸ್ತ್ರಿ ಬಂದು ಹಳೆ ಒಲೆ ಒಡೆದ. ಅಚ್ಚು ಇಟ್ಟು, ಮಣ್ಣು ಕಲಸಿ, ಸಾಲಾಗಿ ಮೂರು ಪಾತ್ರೆ ಕೂರುವ ಒಲೆ ಕಟ್ಟಿದ. ಹಿಂಬದಿಯಿಂದ ಒಂದು ಹೊಗೆ ಪೈಪು ಮಾಡಿನ ಮೇಲಕ್ಕೆ ಹೋಯಿತು. ಮೊದಲ ದಿನ ಅಡುಗೆಮನೆಯಲ್ಲಿ ಹೊಗೆಯೇ ಇಲ್ಲ. ಅಮ್ಮಮ್ಮ ಊದುಗೊಳವೆ ಹಿಡಿದುಕೊಂಡು ಸುಮ್ನೆ ಕೂತಿದ್ದಳು. ಊದುವ ಕೆಲಸವೇ ಇರಲಿಲ್ಲ.

ಎರಡು ವರ್ಷ ಬಿಟ್ಟು ರಜೆಗೆ ಹೋದಾಗ ಒಲೆಯ ಬಾಯಿ ಅಗಲ ಆಗಿತ್ತು. "ತಮಾ, ಇದರ ಬಾಯಿ ಸಣ್ಣಾತು, ದೊಡ್ಡ ಕುಂಟೆ ಹಿಡೀತಿಲ್ಲೆ" ಅಂದಳು ಅಮ್ಮಮ್ಮ. ದಪ್ಪ ಕಟ್ಟಿಗೆ ತೂರಲಿ ಅಂತ ಕತ್ತಿ ತಗೊಂಡು ತಾನೇ ಕೆತ್ತಿದ್ದಳು. ಮೂರನೇ ಕಂಡಿಯ ಮೇಲೆ ಒಂದು ಚಪ್ಪಟೆ ಕಲ್ಲು ಮುಚ್ಚಿತ್ತು. ಪೈಪಿನಲ್ಲಿ ಮಸಿ ಕಟ್ಟಿ, ಹೊಗೆ ಮತ್ತೆ ಒಳಗೇ ಸುತ್ತುತ್ತಿತ್ತು. ಆದರೆ ಸರ್ಕಾರದ ಕಾಗದದ ಮೇಲೆ ಅದು ಕಟ್ಟಿ ಮುಗಿಸಿದ ಒಲೆ. ಕಟ್ಟಿ ಮುಗಿಸಿದ ಒಲೆ ಅಂದರೆ ವರ್ಷ ವರ್ಷ ಇಷ್ಟು ಕಟ್ಟಿಗೆ ಉಳಿಸುವ ಒಲೆ. ಅಮ್ಮಮ್ಮನ ಕತ್ತಿಯ ಗೀರಿಗೆ ಆ ಲೆಕ್ಕದಲ್ಲಿ ಜಾಗ ಇರಲಿಲ್ಲ.

ಈ ಹಳೆ ಸಂಗತಿ ಈಗ ಯಾಕೆ ನೆನಪಾಯಿತು ಅಂದರೆ, ಇಂಧನ ಸಂಶೋಧನೆಗೆ ನಮ್ಮ ತೆರಿಗೆ ಹಣ ಮತ್ತೆ ದೊಡ್ಡ ಪ್ರಮಾಣದಲ್ಲಿ ಹರಿಯುತ್ತಿದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಹಸಿರು ಹೈಡ್ರೋಜನ್ (ಮುಖ್ಯವಾಗಿ ಸೌರ, ಗಾಳಿ ವಿದ್ಯುತ್ತಿನಿಂದ ನೀರನ್ನು ಒಡೆದು ಮಾಡುವ ಇಂಧನ ಅನಿಲ) ಮಿಷನ್‌ಗೆ ಇಟ್ಟಿರುವುದು 19,744 ಕೋಟಿ ರೂಪಾಯಿ. ಅದರಲ್ಲಿ 400 ಕೋಟಿ ಬರೀ ಸಂಶೋಧನೆಗೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್, ಅದರಿಂದ ಸುಮಾರು 5 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆ ಅನ್ನುವುದು ಗುರಿ. ಗುರಿ ದೊಡ್ಡದಿರಲಿ, ನನಗೆ ಖುಷಿಯೇ. ಆದರೆ ಆ 5 ಕೋಟಿ ಟನ್ ನಿಜವಾಗಿ ಕಡಿಮೆ ಆಯಿತೇ ಅಂತ ಯಾರು, ಯಾವಾಗ, ಎಲ್ಲಿ ನಿಂತು ಅಳೆಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಲವತ್ತು ವರ್ಷ ಹಿಂದಿನ ಆ ಮಣ್ಣಿನ ಒಲೆಗಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ.

ಆ ಒಲೆ ರೂಪಿಸಿದ ಅಸ್ತ್ರ ಶುರುವಾಗಿದ್ದು 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸುವ ಕೇಂದ್ರ ಅದು. ಅದರ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ಅಸ್ತ್ರ. ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿ ವಿದ್ಯುತ್ ರಸಾಯನ ವಿಜ್ಞಾನದಲ್ಲಿ ಆಗಲೇ ಹೆಸರು ಮಾಡಿದವರು. ಅದನ್ನು ಬಿಟ್ಟು ಹಳ್ಳಿಯ ಒಲೆ, ಸಗಣಿ, ಸೌದೆಯ ಕಡೆ ಬಂದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು. ನನಗೆ ಬಹಳ ಮೆಚ್ಚುಗೆಯಾದ ವಿಷಯ ಏನೆಂದರೆ, ಒಲೆ ಮಾಡುವುದಕ್ಕೂ ಮೊದಲು ಅವರು ತೂಕ ಮಾಡಿದರು. ಸುತ್ತಲ ಆರು ಹಳ್ಳಿಗಳಲ್ಲಿ ಯಾವ ಮನೆಗೆ ಎಷ್ಟು ಸೌದೆ ಬರುತ್ತದೆ, ಯಾರು ತರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಸಿಂಹಪಾಲು ಅಡುಗೆ ಒಲೆಗೇ ಹೋಗುತ್ತಿತ್ತು. ಸೌದೆಯನ್ನು ದುಡ್ಡು ಕೊಟ್ಟು ತರುವವರು ಕಡಿಮೆ. ಹೆಚ್ಚಾಗಿ ಹೆಂಗಸರು, ಮಕ್ಕಳು ಆರಿಸಿ ಹೊತ್ತು ತರುತ್ತಿದ್ದರು.

ಆಮೇಲೆ ಒಲೆ ಬಂತು. ಲೆಕ್ಕ ಸುಲಭ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 16 ಮೆಗಾಜೂಲ್ ಶಾಖ ಇರುತ್ತದೆ. ಎರಡು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ 100 ಡಿಗ್ರಿಗೆ ತರಲು ಬೇಕಾದ್ದು ಸುಮಾರು 0.63 ಮೆಗಾಜೂಲ್. ಒಲೆಯ ದಕ್ಷತೆ, ಅಂದರೆ ಶಾಖದಲ್ಲಿ ಪಾತ್ರೆಗೆ ಸೇರುವ ಪಾಲು, ಹಳೆ ಒಲೆಯ ಹಾಗೆ ಶೇ. 10 ಇದ್ದರೆ 390 ಗ್ರಾಂ ಕಟ್ಟಿಗೆ ಸುಡಬೇಕು. ಸುಧಾರಿತ ಒಲೆಯ ಹಾಗೆ ಶೇ. 30 ಇದ್ದರೆ 130 ಗ್ರಾಂ ಸಾಕು. ಮೂರರಲ್ಲಿ ಎರಡು ಪಾಲು ಉಳಿತಾಯ. ಇದನ್ನು ದಿನಕ್ಕೆ, ವರ್ಷಕ್ಕೆ, ಲಕ್ಷಾಂತರ ಮನೆಗೆ ಗುಣಿಸಿದರೆ ಕಾಡುಗಟ್ಟಲೆ ಮರ ಉಳಿಯುವ ಅಂಕಿ ಸಿಗುತ್ತದೆ. ಕೇಂದ್ರ ಸರ್ಕಾರ 1980ರ ದಶಕದಲ್ಲಿ ಶುರು ಮಾಡಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಲ್ಲುವ ಹೊತ್ತಿಗೆ ದೇಶದಲ್ಲಿ ಸುಮಾರು 3.5 ಕೋಟಿ ಒಲೆ ಕಟ್ಟಿಸಿತ್ತು. ಅಸ್ತ್ರ ಒಲೆಯೂ ಅದರಲ್ಲಿ ಒಂದು ಬಗೆ.

ಆದರೆ ಆ ಶೇ. 30 ಬಂದಿದ್ದು ಎಲ್ಲಿಂದ? ಪ್ರಯೋಗಾಲಯದ ನೀರು ಕುದಿಸುವ ಪರೀಕ್ಷೆಯಿಂದ. ಅಲ್ಲಿ ಒಣಗಿಸಿ ಸಮನಾಗಿ ಸೀಳಿದ ಕಟ್ಟಿಗೆ. ಕಂಡಿಗೆ ಸರಿಯಾಗಿ ಕೂರುವ ಪಾತ್ರೆ. ಉರಿಯ ಮೇಲೆ ಇಡೀ ಹೊತ್ತು ಕಣ್ಣಿಟ್ಟ ಮನುಷ್ಯ. ಮನೆಯಲ್ಲಿ ಇದ್ಯಾವುದೂ ಇಲ್ಲ. ಮಳೆಗಾಲದ ಹಸಿ ಕಟ್ಟಿಗೆ, ಕಂಡಿಗಿಂತ ಚಿಕ್ಕದಾದ ಪಾತ್ರೆ, ನಡುವೆ ಅಳುವ ಮಗು, ಕೊಟ್ಟಿಗೆಯಲ್ಲಿ ಕೂಗುವ ಕರು.

ಅಡುಗೆಯೂ ಬೇರೆ ಬೇರೆ ಅಲ್ವಾ? ಕುಣಿಗಲ್ ಕಡೆ ರಾಗಿ ಮುದ್ದೆ. ಎಸರು ಕುದಿಸಿ, ಹಿಟ್ಟು ಹಾಕಿ, ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಮುದ್ದೆ ಕೋಲಿನಿಂದ ಬಲವಾಗಿ ತಿರುವಬೇಕು. ಒಲೆಯ ಅಂಚು ಆ ಬಲ ತಡೆಯಬೇಕು. ಬಿಜಾಪುರದ ಕಡೆ ಜೋಳದ ರೊಟ್ಟಿ. ಹಂಚಿನ ಕೆಳಗೆ ಅಗಲವಾದ ಉರಿ ಬೇಕು. ಕಡೆಗೆ ಕೆಂಡ ಹೊರಗೆ ಎಳೆದು ರೊಟ್ಟಿ ಉಬ್ಬಿಸಬೇಕು. ಬಾಯಿ ಸಣ್ಣ ಇರುವ ಮುಚ್ಚಿದ ಒಲೆಯಲ್ಲಿ ಕೆಂಡ ಎಳೆಯುವುದು ಹೇಗೆ? ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ಬೇಕು. ಅಲ್ಲಿ ಹುಳಿ, ಬೀಜ, ಮಳೆಗಾಲಕ್ಕಿಟ್ಟ ಸಾಮಾನು ಕೆಡದೆ ಉಳಿಯುವುದೇ ಆ ಹೊಗೆಯಿಂದ. ಹಾಗಾಗಿ ಹೊಸ ಒಲೆ ಬಂದ ಮನೆಯಲ್ಲಿ ಹಳೆ ಒಲೆಯೂ ಒಂದು ಮೂಲೆಯಲ್ಲಿ ಉಳಿಯಿತು. ಎರಡೂ ಉರಿದವು. ಇದನ್ನು ಹೆಂಗಸರ ಅಜ್ಞಾನ ಅಂತ ಬರೆದವರಿದ್ದಾರೆ. ನನಗೆ ಅದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಅಮ್ಮಮ್ಮ ಒಲೆಯ ಬಾಯಿ ಕೆತ್ತಿದ್ದು ತಿಳಿಯದೆ ಅಲ್ಲ. ದೊಡ್ಡ ಕುಂಟೆ ಸೀಳುವ ಕೆಲಸವೂ ಅವಳ ತಲೆಗೇ ಬರುತ್ತಿತ್ತು. ಒಲೆ ಉಳಿಸಿದ ಸಮಯವನ್ನು ಕೊಡಲಿ ತಿನ್ನುತ್ತಿತ್ತು.

ಇದು ಬರೀ ಕರ್ನಾಟಕದ ಕಥೆಯಲ್ಲ. ಒಡಿಶಾದಲ್ಲಿ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2012ರಲ್ಲಿ ಹೊರಬಂತು. ರೆಮಾ ಹನ್ನಾ, ಎಸ್ತರ್ ಡಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ್ದು. ಚೀಟಿ ಎತ್ತಿ, ಕೆಲವರಿಗೆ ಮೊದಲು, ಕೆಲವರಿಗೆ ಆಮೇಲೆ ಸುಧಾರಿತ ಒಲೆ ಕೊಟ್ಟರು. ಮೊದಲ ವರ್ಷ ಅಡುಗೆ ಮಾಡುವವರು ಕುಡಿಯುವ ಹೊಗೆ ಕಡಿಮೆ ಆಯಿತು. ಆಮೇಲೆ ಆ ವ್ಯತ್ಯಾಸ ಮಾಯ. ಆರೋಗ್ಯದಲ್ಲಿ ಬದಲಾವಣೆ ಇಲ್ಲ, ಕಟ್ಟಿಗೆಯಲ್ಲಿ ಉಳಿತಾಯ ಇಲ್ಲ. ಒಲೆ ಬಿರುಕು ಬಿಟ್ಟಿತ್ತು, ಪೈಪು ಗುಡಿಸುವವರಿರಲಿಲ್ಲ, ಬಳಕೆಯೂ ಇಳಿದಿತ್ತು. ಮೊದಲ ವರ್ಷಕ್ಕೇ ಅಳೆಯುವುದು ನಿಲ್ಲಿಸಿದ್ದರೆ ಅದು ಗೆದ್ದ ಯೋಜನೆ ಅಂತಲೇ ದಾಖಲಾಗುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಪರಿಸರದ ಮೇಲಿನ ಪರಿಣಾಮ ಅಂತ ಒಂದೇ ಮಾತಿನಲ್ಲಿ ಹೇಳುತ್ತೇವೆ. ಒಲೆಯ ವಿಷಯದಲ್ಲಿ ಅದು ಮೂರು ಬೇರೆ ಬೇರೆ ಸಂಗತಿ. ಕಾಡು, ಕೋಣೆಯ ಗಾಳಿ, ಆಕಾಶ. ಮೂರೂ ಒಟ್ಟಿಗೆ ಒಳ್ಳೆಯದಾಗಬೇಕೆಂದೇನೂ ಇಲ್ಲ.

ಕಾಡಿನ ವಿಷಯ ಮೊದಲು. 1970ರ ದಶಕದಲ್ಲಿ ಬಡವರ ಅಡುಗೆ ಒಲೆಯೇ ಕಾಡು ನುಂಗುತ್ತಿದೆ ಅಂತ ಜಗತ್ತಿನಲ್ಲೆಲ್ಲ ನಂಬಿಕೆ ಇತ್ತು. ಒಲೆ ಸಂಶೋಧನೆಗೆ ಹಣ ಬಂದಿದ್ದೂ ಬಹುಮಟ್ಟಿಗೆ ಅದೇ ಕಾರಣಕ್ಕೆ. ಕುಣಿಗಲ್ ಹಳ್ಳಿಗಳ ತೂಕ ಬೇರೆಯೇ ಹೇಳಿತು. ಅಲ್ಲಿ ಉರಿಯುತ್ತಿದ್ದುದು ಹೆಚ್ಚಾಗಿ ಪುರಲೆ, ಚಕ್ಕೆ, ಒಣ ಕೊಂಬೆ. ಬುಡಸಮೇತ ಕಡಿದ ಮರ ಲಾರಿ ಏರಿ ಬೆಂಗಳೂರಿನಂಥ ಪೇಟೆಗೆ ಹೋಗುತ್ತಿತ್ತು. ಬಿದ್ದ ಪುರಲೆಯನ್ನು ಉಳಿಸಿದರೆ ಹೆಂಗಸಿನ ಬೆನ್ನು ಉಳಿಯುತ್ತದೆ, ಅದು ದೊಡ್ಡ ಲಾಭ. ಮರ ಉಳಿಯಿತು ಅನ್ನುವುದಕ್ಕೆ ಮಾತ್ರ ಬೇರೆ ಸಾಕ್ಷಿ ಬೇಕು. ನಮ್ಮ ಕಡೆಯಲ್ಲೂ ತೋಟದ ಸೋಗೆ, ಹಾಳೆ ಉರಿಸಿದರೆ ಒಂದು ಲೆಕ್ಕ, ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ಕಡಿದು ತಂದರೆ ಇನ್ನೊಂದು ಲೆಕ್ಕ. ಜಗತ್ತಿನಲ್ಲಿ ಸುಡುವ ಸೌದೆಯಲ್ಲಿ ಮತ್ತೆ ಬೆಳೆಯುವುದಕ್ಕಿಂತ ಜಾಸ್ತಿಯಾಗಿ ಕಡಿದಿದ್ದು ಶೇ. 27ರಿಂದ 34ರಷ್ಟು ಮಾತ್ರ ಅಂತ 2015ರ ಒಂದು ಅಧ್ಯಯನ ಅಂದಾಜು ಮಾಡಿತು. ಅದು ಊರಿಂದ ಊರಿಗೆ ಬದಲಾಗುತ್ತದೆ. ಆದರೆ ಒಲೆ ಹಂಚಿ ಕಾರ್ಬನ್ ಕ್ರೆಡಿಟ್ (ಇಷ್ಟು ಹೊಗೆ ಉಳಿಸಿದೆವು ಅನ್ನುವ, ಮಾರಲು ಬರುವ ಪತ್ರ) ಮಾರುವ ಯೋಜನೆಗಳು ಈ ಪಾಲನ್ನು ತುಂಬಾ ಜಾಸ್ತಿ ತೋರಿಸಿದವು. ಒಲೆಯ ಬಳಕೆಯನ್ನೂ ಜಾಸ್ತಿ ತೋರಿಸಿದವು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಲೆಕ್ಕ ತಾಳೆ ನೋಡಿದಾಗ, ಅವರು ನೋಡಿದ ಯೋಜನೆಗಳು ಒಟ್ಟಾರೆ 9 ಪಟ್ಟು ಜಾಸ್ತಿ ಕ್ರೆಡಿಟ್ ಪಡೆದಿದ್ದವು. ಯಾರೋ ದೂರದ ಕಂಪನಿ ಆ ಕ್ರೆಡಿಟ್ ಕೊಂಡು ತನ್ನ ಹೊಗೆ ಬಿಡುತ್ತಲೇ ಇರುತ್ತದೆ. ಒಲೆಯ ತಪ್ಪು ಲೆಕ್ಕ ಹೀಗೆ ಹೊಸ ಹೊಗೆಗೆ ಪರವಾನಗಿ ಆಗುತ್ತದೆ.

ಎರಡನೆಯದು ಕೋಣೆಯ ಗಾಳಿ. 2019ರಲ್ಲಿ ಭಾರತದಲ್ಲಿ ಮನೆಯೊಳಗಿನ ಹೊಗೆಯಿಂದ ಸುಮಾರು 6 ಲಕ್ಷ ಜನ ಸತ್ತರು ಎಂಬುದು ಲ್ಯಾನ್ಸೆಟ್ ಸಮೂಹದ ಆರೋಗ್ಯ ಪತ್ರಿಕೆಯಲ್ಲಿ ಬಂದ ಅಂದಾಜು. ಈ ಲೆಕ್ಕದಲ್ಲಿ ಹೊಗೆ ಪೈಪು ದೇವರ ಹಾಗೆ. ಮಸಿ ಗುಡಿಸಿ ಇಟ್ಟುಕೊಂಡ ಮನೆಗಳಲ್ಲಿ ಅಸ್ತ್ರ ಒಲೆ ಕಣ್ಣು, ಶ್ವಾಸಕೋಶ ಕಾಪಾಡಿದೆ. ಇದನ್ನು ನಾನು ನೋಡಿದ್ದೇನೆ. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಪ್ರತಿ ಅಮಾವಾಸ್ಯೆಗೆ ಬಿದಿರ ಕೋಲಿಗೆ ಗೋಣಿ ಚೀಲ ಸುತ್ತಿ ಪೈಪು ಎಳೆಯುತ್ತಿದ್ದಳು. ಅವಳ ಅಡುಗೆಮನೆ ಗೋಡೆ ಬೆಳ್ಳಗೇ ಇತ್ತು.

ಮೂರನೆಯದು ಆಕಾಶ. ಪೈಪು ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಕಳಿಸುತ್ತದೆ ಅಷ್ಟೇ. ಇನ್ನೊಂದು ಸೂಕ್ಷ್ಮವೂ ಇದೆ. ಉರಿಯನ್ನು ಮುಚ್ಚಿ, ಶಾಖವೆಲ್ಲ ಪಾತ್ರೆಗೆ ತಾಗುವ ಹಾಗೆ ಮಾಡಿದರೆ ಕಟ್ಟಿಗೆ ಉಳಿಯುತ್ತದೆ. ಆದರೆ ಉರಿಗೆ ಗಾಳಿ ಸಾಲದೆ ಹೋದರೆ ಕಟ್ಟಿಗೆ ಪೂರ್ತಿ ಉರಿಯುವುದಿಲ್ಲ. ಮಸಿ, ಇಂಗಾಲದ ಮಾನಾಕ್ಸೈಡ್, ಮೀಥೇನ್ ಜಾಸ್ತಿ ಆಗುತ್ತವೆ. ಅಡುಗೆ ಹೊಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಮತ್ತು ಭಾರತದ ಅವರ ಸಂಗಡಿಗರು ನಮ್ಮಲ್ಲಿ ಬಳಸುವ ಒಲೆ, ಇಂಧನಗಳ 28 ಜೋಡಿಗಳನ್ನು ಅಳೆದು 2000ದಲ್ಲಿ ವರದಿ ಕೊಟ್ಟರು. ಕೆಲವು ಸುಧಾರಿತ ಒಲೆಗಳು ಕಟ್ಟಿಗೆ ಉಳಿಸಿದರೂ, ಅರೆಬರೆ ಉರಿದ ಹೊಗೆಯನ್ನು ಹಳೆ ಒಲೆಗಿಂತ ಜಾಸ್ತಿ ಬಿಡುತ್ತಿದ್ದವು. ಬಿಸಿ ಏರಿಸುವ ಲೆಕ್ಕದಲ್ಲಿ ಎಲ್ಲಕ್ಕಿಂತ ಹಗುರ ಇದ್ದುದು ಗೋಬರ್ ಗ್ಯಾಸ್.

ಗೋಬರ್ ಗ್ಯಾಸಿನ ಮಾತು ಬಂದಾಗ ಪುರದ ಕಥೆ ಹೇಳಲೇಬೇಕು. ಪುರ ಅನ್ನುವುದು ಕುಣಿಗಲ್ ತಾಲ್ಲೂಕಿನ ಒಂದು ಚಿಕ್ಕ ಊರು. ಅಸ್ತ್ರದವರು ಅಲ್ಲಿ ಇಡೀ ಊರಿಗೆ ಅಡುಗೆ ಅನಿಲ ಕೊಡುವ ಸಗಣಿ ಸ್ಥಾವರ ಕಟ್ಟಿದರು. ಸೋತಿತು. ಎಲ್ಲರ ಅಡುಗೆಗೆ ಸಾಲುವಷ್ಟು ಸಗಣಿಯೇ ಊರಲ್ಲಿ ಕೂಡಲಿಲ್ಲ. ಅವರು ಅದನ್ನು ಮುಚ್ಚಿಡಲಿಲ್ಲ. ಊರವರ ಜೊತೆ ಕೂತು ಮಾತಾಡಿದರು. ಊರಿಗೆ ಬೇಕಾಗಿದ್ದುದು ನೀರು ಮತ್ತು ದೀಪ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿ ನೀರು ಎತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ. ಬಗ್ಗಡ ಗೊಬ್ಬರವಾಗಿ ಅವರವರ ಹೊಲಕ್ಕೇ ವಾಪಸ್. ಸ್ಥಾವರ ಹಲವು ವರ್ಷ ನಡೆಯಿತು. ಸೋಲನ್ನು ಒಪ್ಪಿ ದಾರಿ ಬದಲಿಸಿದ ಈ ತಿಳಿವಳಿಕೆಗೆ ಪರಿಸರ ವರದಿಯ ಯಾವ ಕಾಲಂನಲ್ಲಿ ಅಂಕ ಕೊಡೋಣ?

ಇದಕ್ಕೊಂದು ಕಾಲಂ ಇಟ್ಟವರು ಅಮೆರಿಕದಲ್ಲಿದ್ದಾರೆ. ಅಲ್ಲಿನ ಇಂಧನ ಇಲಾಖೆ 1978ರಿಂದ 2000ದವರೆಗೆ ಸಂಶೋಧನೆಗೆ ಸುರಿದ ಹಣ ಏನಾಯಿತು ಅಂತ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ ಲೆಕ್ಕ ಹಾಕಿತು. ಆರ್ಥಿಕ, ಪರಿಸರ, ಭದ್ರತೆ ಅಂತ ಮೂರು ಬಗೆಯ ಲಾಭ. ಪ್ರತಿಯೊಂದರಲ್ಲೂ ಮತ್ತೆ ಮೂರು: ಈಗಾಗಲೇ ಕೈಗೆ ಬಂದದ್ದು, ಪರಿಸ್ಥಿತಿ ಬದಲಾದರೆ ಉಪಯೋಗಕ್ಕೆ ಬರುವುದು, ಬರೀ ತಿಳಿವಳಿಕೆಯಾಗಿ ಉಳಿದದ್ದು. ಪುರದ ಪಾಠ ಮೂರನೆಯದರಲ್ಲಿ ಕೂರುತ್ತದೆ. ಇನ್ನೊಂದು ಕಟ್ಟುನಿಟ್ಟೂ ಇತ್ತು. ಸರ್ಕಾರ ಹಣ ಹಾಕದಿದ್ದರೂ ಈ ತಂತ್ರಜ್ಞಾನ ಐದು ವರ್ಷ ತಡವಾಗಿ ಹೇಗೂ ಬರುತ್ತಿತ್ತು ಅಂತ ಇಟ್ಟುಕೊಂಡು, ಆ ಐದು ವರ್ಷದ ಲಾಭವನ್ನಷ್ಟೇ ಸಂಶೋಧನೆಯ ಹೆಸರಿಗೆ ಬರೆದರು. ಐದೇ ಯಾಕೆ ಅಂತ ಕೇಳಬಹುದು. ಆದರೆ ಹಣ ಹಾಕದಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆಯನ್ನು ಎದುರಿಸಿದರಲ್ಲ, ಅದು ಮುಖ್ಯ. ನಮ್ಮ 3.5 ಕೋಟಿ ಒಲೆಯ ಲೆಕ್ಕದಲ್ಲಿ ಆ ಪ್ರಶ್ನೆಗೆ ಜಾಗ ಸಿಗಲಿಲ್ಲ.

ಅಲ್ಲಿ ದೊಡ್ಡ ಲಾಭ ತಂದವುಗಳಲ್ಲಿ ಒಂದು ಫ್ರಿಜ್ಜಿನ ಕಂಪ್ರೆಸರ್ ಸಂಶೋಧನೆ. ಖರ್ಚಾಗಿದ್ದು ಹೋಲಿಸಿದರೆ ಚಿಲ್ಲರೆ ಹಣ. 1970ರ ದಶಕದ ಮೊದಲಲ್ಲಿ ಅಮೆರಿಕದ ಸಾಧಾರಣ ಫ್ರಿಜ್ಜು ವರ್ಷಕ್ಕೆ ಸುಮಾರು 1,800 ಯೂನಿಟ್ ಕರೆಂಟು ತಿನ್ನುತ್ತಿತ್ತು. 2001ರ ಹೊತ್ತಿಗೆ ಅದು 500ರ ಹತ್ತಿರಕ್ಕೆ ಇಳಿಯಿತು. ಕಾಯ್ದೆಯ ಮಾನದಂಡಗಳೂ ಜೊತೆಗೆ ಬಂದಿದ್ದರಿಂದ ಹಾಗಾಯಿತು. ಒಲೆಗೂ ಫ್ರಿಜ್ಜಿಗೂ ಇರುವ ವ್ಯತ್ಯಾಸ ನೋಡಿ. ಒಳ್ಳೆ ಫ್ರಿಜ್ಜು ಮನೆಯವರಿಂದ ಏನನ್ನೂ ಕೇಳುವುದಿಲ್ಲ. ಹಾಲು ಇಡುವ ರೀತಿ ಬದಲಾಗಬೇಕಿಲ್ಲ. ಒಳ್ಳೆ ಒಲೆ ಎಲ್ಲವನ್ನೂ ಕೇಳುತ್ತದೆ: ಕಟ್ಟಿಗೆ ಸೀಳುವುದು, ಪಾತ್ರೆ ಬದಲಿಸುವುದು, ಮಸಿ ಗುಡಿಸುವುದು. ಜನರ ನಡವಳಿಕೆ ಬದಲಾಗಬೇಕಾದಷ್ಟೂ ಪ್ರಯೋಗಾಲಯದ ಅಂಕಿಯ ಮೇಲೆ ನಂಬಿಕೆ ಕಡಿಮೆ ಇಡಬೇಕು, ಮನೆಗೆ ಹೋಗಿ ಅಳೆಯುವುದಕ್ಕೆ ಹಣ ಜಾಸ್ತಿ ಇಡಬೇಕು.

ಅದೇ ಅಮೆರಿಕದಲ್ಲಿ ಉಲ್ಟಾ ಉದಾಹರಣೆಯೂ ಇದೆ. ಶೇಲ್ ಕಲ್ಲಿನಿಂದ ಅನಿಲ ತೆಗೆಯುವ ಸಂಶೋಧನೆಗೆ ಅಲ್ಲಿನ ಸರ್ಕಾರ 1976ರಿಂದಲೇ ಹಣ ಕೊಟ್ಟಿತು. ಆಗಿನ ಚಿಂತೆ ತೈಲದ ಕೊರತೆ. ಮುಂದೆ ಆ ಅನಿಲ ಬಂದು ಕಲ್ಲಿದ್ದಲಿನ ಎಷ್ಟೋ ವಿದ್ಯುತ್ ಸ್ಥಾವರಗಳು ಮುಚ್ಚಿದವು, ಹೊಗೆ ಕಡಿಮೆ ಆಯಿತು. ಜೊತೆಗೇ ಬಾವಿ, ಪೈಪುಗಳಿಂದ ಮೀಥೇನ್ ಸೋರಿತು. ಉತ್ಪಾದನೆಯ ಶೇ. 2.3ರಷ್ಟು ಸೋರುತ್ತಿದೆ ಅಂತ 2018ರ ಅಧ್ಯಯನ ಹೇಳಿತು. ಸರ್ಕಾರಿ ಲೆಕ್ಕಕ್ಕಿಂತ ಅದು ಬಹಳ ಜಾಸ್ತಿ. ಇಪ್ಪತ್ತು ವರ್ಷದ ಅವಧಿಯಲ್ಲಿ ನೋಡಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಬಿಸಿ ಏರಿಸುತ್ತದೆ. ಸಂಶೋಧನೆ ಶುರುವಾದ ದಿನ ಇದನ್ನು ಯಾರೂ ಅಳೆಯಲು ಹೊರಟಿರಲಿಲ್ಲ.

ಈಗ ಮತ್ತೆ ಹೈಡ್ರೋಜನ್‌ಗೆ ಬರೋಣ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಯಾವುದನ್ನು ಹಸಿರು ಹೈಡ್ರೋಜನ್ ಅನ್ನಬೇಕು ಅಂತ ನಿಗದಿ ಮಾಡಿತು. ಒಂದು ಕಿಲೋ ಹೈಡ್ರೋಜನ್‌ಗೆ 2 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಹೊಗೆ ಮೀರಬಾರದು, ಹನ್ನೆರಡು ತಿಂಗಳ ಸರಾಸರಿಯಲ್ಲಿ. ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಲೆಕ್ಕ ನಿಲ್ಲುವುದು ಕಾರ್ಖಾನೆ ಗೇಟಿನಲ್ಲಿ. ಗೇಟು ದಾಟಿದ ಮೇಲೆ ಸಾಗಿಸಿ, ಬಳಸುವಾಗ ಆಗುವ ಖರ್ಚು, ಸೋರಿಕೆ ಅದರೊಳಗೆ ಬರುವುದಿಲ್ಲ. ನೀರಿನದ್ದೂ ಬೇರೆ ಮಾತು. ರಸಾಯನ ಶಾಸ್ತ್ರದ ಲೆಕ್ಕಕ್ಕೇ ಒಂದು ಕಿಲೋ ಹೈಡ್ರೋಜನ್‌ಗೆ 9 ಲೀಟರ್ ಶುದ್ಧ ನೀರು ಬೇಕು, ಕಾರ್ಖಾನೆಯಲ್ಲಿ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ನೀರು ಕುದಿಸುವ ಪರೀಕ್ಷೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿತ್ತು. ಇದು ಗೇಟಿನಲ್ಲಿ ನಿಂತಿದೆ. ಆ 400 ಕೋಟಿಯಲ್ಲಿ ಒಂದು ಪಾಲನ್ನು ಗೇಟಿನಾಚೆ ಹೋಗಿ, ಹತ್ತು ವರ್ಷ ಬಿಟ್ಟೂ ಅಳೆಯುವವರಿಗೆ ಈಗಲೇ ಎತ್ತಿಡಬೇಕು ಅನ್ನುವುದು ನನ್ನ ಒತ್ತಾಯ. ಅಳೆಯುವವರು ಸಂಶೋಧನೆ ಮಾಡಿದವರೇ ಆಗಿರಬಾರದು. ಪುರದಲ್ಲಿ ಅಸ್ತ್ರದವರು ಮಾಡಿದ ಹಾಗೆ ಸೋತದ್ದನ್ನೂ ಬರೆದಿಡಬೇಕು.

ಅಳೆಯುವುದು ಕಷ್ಟದ ವಿದ್ಯೆಯೇನಲ್ಲ. ಒಲೆಗಂತೂ ಅಡುಗೆಮನೆ ಪರೀಕ್ಷೆ ಅಂತಲೇ ಇದೆ. ಬೆಳಿಗ್ಗೆ ಕಟ್ಟಿಗೆ ತೂಗಬೇಕು, ಮರುದಿನ ಉಳಿದದ್ದು ತೂಗಬೇಕು, ಎಷ್ಟು ಜನ ಉಂಡರು ಅಂತ ಬರೆಯಬೇಕು. ಕಡಿಮೆ ಅಂದರೆ ಮೂರು ದಿನ. ಈಗ ಒಲೆಗೆ ಅಂಟಿಸುವ, ಅಂಗಿ ಗುಂಡಿಯಷ್ಟು ದೊಡ್ಡ ತಾಪಮಾನದ ಬಿಲ್ಲೆಯೂ ಬಂದಿದೆ. ಒಲೆ ಯಾವ ದಿನ ಹೊತ್ತಿತು, ಯಾವ ದಿನ ಹೊತ್ತಲಿಲ್ಲ ಅಂತ ಅದೇ ಬರೆದುಕೊಳ್ಳುತ್ತದೆ.

ಕಳೆದ ದೀಪಾವಳಿಗೆ ಅಜ್ಜನಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಗ್ಯಾಸು. ಅಸ್ತ್ರ ಒಲೆಯ ಮೇಲೆ ಹಲಗೆ ಹಾಕಿ ಮಿಕ್ಸಿ ಇಟ್ಟಿದ್ದಾರೆ. ಆದರೆ ಬಚ್ಚಲಲ್ಲಿ ಹಂಡೆ ಇನ್ನೂ ಇದೆ. ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗಿ, ಹೂವು ಕಟ್ಟಿದ್ದರು. ಕೆಳಗೆ ಹಳೆ ಒಲೆ, ದಿನವೂ ಬೆಂಕಿ. ಗ್ಯಾಸ್ ಬಂದ ಮನೆ ಅಂತ ಪಟ್ಟಿಗೆ ಸೇರಿದ ಮೇಲೆ ಈ ಬೆಂಕಿಯನ್ನು ಯಾರೂ ಕೇಳುವುದಿಲ್ಲ. ನಾನು ತೂಗೋಣ ಅಂದೆ. "ಇದೆಲ್ಲಾ ತೋಟದ ಕಸ, ಎಂತಕ್ಕೆ ತೂಗ್ತೆ ತಮಾ?" ಅಂದ ಮಾವ. ಆದರೂ ಅಡಿಕೆ ತೂಗುವ ತಕ್ಕಡಿ ತಂದುಕೊಟ್ಟ. ಸೋಗೆ, ಹಾಳೆ, ತೆಂಗಿನ ಮಟ್ಟೆ ಒಂದು ಕಡೆ. ಬೆಟ್ಟದ ಕಟ್ಟಿಗೆ ಇನ್ನೊಂದು ಕಡೆ. ಮೂರನೇ ದಿನ ಕೂಡಿಸಿ ನೋಡಿದಾಗ ಬೆಟ್ಟದ್ದೇ ಜಾಸ್ತಿ ಬಂತು. ಮಾವ ಏನೂ ಹೇಳದೆ ಎರಡೂ ರಾಶಿಯನ್ನು ತಾನೇ ಮತ್ತೊಮ್ಮೆ ತೂಗಿ ನೋಡಿದ.